ದೀರ್ಘಾನಧ್ಯಾಯ: ಮಹಾಮಾರಿಯ ನಿರ್ಬಂಧಗಳೂ ಕಿಶೋರವಯಸ್ಕರ ಜೀವನವೂ

ಅಧ್ಯಯನವನ್ನು ನಿಲ್ಲಿಸತಕ್ಕ ಕಾಲಕ್ಕೆ ಧರ್ಮಶಾಸ್ತ್ರಕಾರರು ಅನಧ್ಯಾಯವೆಂದು ಹೆಸರಿಟ್ಟಿದ್ದಾರೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದರ ನಿಮಿತ್ತಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಮಿಂಚುಗುಡುಗುಗಳೊಡನೆ ಮಳೆ ಸುರಿದಾಗ, ಗ್ರಾಮದೊಳಗೆ ಶವವಿರುವಾಗ, ಕಳ್ಳರ ಹಾವಳಿಯಿಂದ ಊರು ಕದಡಿದಾಗ, ಬೆಂಕಿ ಬಿದ್ದು ಜನರು ತಲ್ಲಣಿಸುತ್ತಿರುವಾಗ ವೇದಪಾಠವು ನಿಲ್ಲತಕ್ಕದ್ದು. ಈ ಪಟ್ಟಿಯನ್ನು ಓದುವವರು ನಿಮಿತ್ತಗಳ ವೈಚಿತ್ರ್ಯಕ್ಕೆ ನಕ್ಕು ಮುಂದಕ್ಕೆ ಹೋಗುವುದೇ ಹೆಚ್ಚು. ಆದರೆ ಅಲ್ಲಿ ಗಮನಿಸತಕ್ಕ ಅಂಶಗಳು ಎರಡುಂಟು. ಪ್ರತಿಯೊಂದು ನಿಮಿತ್ತಕ್ಕೂ ಕಾಲದ ಅಳತೆಯುಂಟು; ಕೆಲವು ಆಕಾಲಿಕ, ಎಂದರೆ ಮರುದಿನ ಅದೇ ಹೊತ್ತಿನವರೆಗೆ; ಕೆಲವು ಮೂರು ರಾತ್ರಿಗಳವರೆಗೆ. ಇದು ಮೊದಲನೆಯದು. ನಿಲ್ಲತಕ್ಕದ್ದು ವೇದದ ಪಠನ ಮಾತ್ರವೇ ಹೊರತು ಉಳಿದುದಲ್ಲವೆಂಬುದು ಎರಡನೆಯದು. ವೇದಾಂಗಗಳಿಗೂ ನಿತ್ಯಸ್ವಾಧ್ಯಾಯಕ್ಕೂ ಹೋಮಮಂತ್ರಗಳಿಗೂ ಅನಧ್ಯಾಯವಿಲ್ಲವೆಂದು ಅದೇ ಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೇಳಿದೆ. ಶಿಷ್ಯನು ಗುರುಕುಲವನ್ನು ಬಿಟ್ಟು ಹೋಗುವುದಿಲ್ಲ; ಸಮಿತ್ತನ್ನು ತರುವುದು, ಭಿಕ್ಷಾಟನ, ಜೊತೆಯವರೊಡನೆ ಮಾತುಕತೆ ಎಲ್ಲವೂ ಎಂದಿನಂತೆ ನಡೆಯುತ್ತವೆ. ಅಷ್ಟಮಿ ಪ್ರತಿಪತ್ತುಗಳಂದು ಪಾಠಶಾಲೆಗಳ ಜಗಲಿಗಳಲ್ಲಿ ಏಳುವ ವಾದ, ಹರಟೆ, ನಗೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

2020ನೆಯ ಇಸವಿ ಮಾರ್ಚಿ ತಿಂಗಳ ನಡುವಿನಿಂದ 2021ನೆಯ ಇಸವಿ ಆಗಸ್ಟ್ 23ರವರೆಗೆ, ನಡುವೆ ಸ್ವಲ್ಪ ಕಾಲವನ್ನು ಬಿಟ್ಟರೆ, ಕರ್ಣಾಟಕದ ಪ್ರೌಢಶಾಲೆಗಳ ಮತ್ತು ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒದಗಿದ ಅನಧ್ಯಾಯವು ಈ ಎರಡು ಅಂಶಗಳಲ್ಲಿಯೂ ಶಾಸ್ತ್ರೋಕ್ತವಾದ ಅನಧ್ಯಾಯಕ್ಕೆ ಕೇವಲ ವಿಪರೀತವಾಗಿದ್ದಿತು. ಅದರ ಅವಧಿಯು ಮೊದಲೇ ಗೊತ್ತಾಗಿರಲಿಲ್ಲ. ಹದಿನೈದು ದಿನ, ತಿಂಗಳು ಎಂದು ತುಂಡುತುಂಡಾಗಿ ಬೆಳೆಯಿತು. ಇನ್ನು, ಪಾಠವನ್ನು ಹೇಗಾದರೂ ನಡೆಸಬೇಕೆಂಬ ಪ್ರಯತ್ನವು ಎಡೆಬಿಡದೆ ನಡೆಯಿತು, ನಿಂತುಹೋದುದು ಸಹವಾಸ. ಕೋವಿಡ್ ಕಾಲದ ನಿರ್ಬಂಧಗಳಿಂದ ಮಕ್ಕಳಿಗಾದ ನಷ್ಟವನ್ನು ಲೆಕ್ಕ ಹಾಕಿದವರಲ್ಲಿ ಬಹುಮಂದಿ ಪಾಠದ ನಷ್ಟವನ್ನೇ ಎಣಿಸಿದ್ದಾರೆ. ಹದಿಮೂರರಿಂದ ಹದಿನೆಂಟರವರೆಗಿನ ವಯಸ್ಸಿನವರ ವಿಷಯದಲ್ಲಿ ಈ ಎಣಿಕೆ ಸಾಲದೆಂಬುದು ಹಿಂದಿನ ಮಹಾಮಾರಿಗಳ ಚರಿತ್ರೆಯೊಡನೆ ಹೋಲಿಸಿ ನೋಡಿದರೆ ಸ್ಪಷ್ಟವಾಗುತ್ತದೆ.

ಜನಪದವನ್ನೇ ಹಾಳುಮಾಡುವ ರೋಗಗಳ ವಿಚಾರವು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಪಾಂಚಾಲದ ಕಾಂಪಿಲ್ಯದಲ್ಲಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನನ್ನು ಅಗ್ನಿವೇಶನು ಕೇಳುವ ಪ್ರಶ್ನೆಯು ಮುಖ್ಯವಾದುದು: ಪ್ರಕೃತಿ, ಆಹಾರ, ಬಲ, ವಯಸ್ಸು ಇವುಗಳಲ್ಲಿ ಒಬ್ಬರಂತೆ ಒಬ್ಬರಿಲ್ಲದ ಜನರು ಒಂದೇ ಕಾಲದಲ್ಲಿ ಒಂದೇ ರೋಗದಿಂದ ಹೇಗೆ ನಾಶವಾಗುತ್ತಾರೆ? ವಾಯು, ಉದಕ, ದೇಶ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನವಾದುದರಿಂದ ಅವು ಕೆಟ್ಟಾಗ ಎಲ್ಲರೂ ಕೆಡುತ್ತಾರೆಂಬುದು ಉತ್ತರ. ರಾಜಶಾಸನವೂ ಈ ನಾಲ್ಕರಂತೆಯೇ ಎಲ್ಲರ ಮೇಲೆಯೂ ಸಮವಾಗಿ ಬೀಳುತ್ತದೆ. ಆದರೆ ಅದರ ಫಲವು ಸಮವಲ್ಲ. ಐದರವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ, ಅನಂತರ ಯೌವನವೆಂದು ಪೂರ್ವಿಕರು ವಯಸ್ಸನ್ನು ವಿಭಾಗಿಸಿದ್ದಾರೆ. ಈ ಲೆಕ್ಕದಂತೆ ಕೈಶೋರವೆಂಬುದು ಐದೇ ವರ್ಷಗಳ ಅವಧಿ. ಅರುವತ್ತು ವರ್ಷದವನಿಗೆ ಹದಿನೇಳು ತಿಂಗಳೆಂಬುದು ಒಂದು ದೀರ್ಘವಾದ ಬೇಸರ. ಹದಿನಾಲ್ಕು ವರ್ಷದವನಿಗಾದರೋ ಅದು ಕೈಶೋರದ ನಾಲ್ಕನೆಯ ಒಂದು ಪಾಲಿಗಿಂತಲೂ ಹೆಚ್ಚು. ಕೋವಿಡ್ ರೋಗದ ಉಗ್ರರೂಪವು ಹೆಚ್ಚಾಗಿ ವೃದ್ಧರನ್ನು ಮುಟ್ಟಿ ಕಿಶೋರರನ್ನು ಬಹುಮಟ್ಟಿಗೆ ಬಿಟ್ಟಿತೆಂಬುದನ್ನು ನೆನೆದರೆ, ಅಜ್ಜ ಅಜ್ಜಿಯರನ್ನು ಕಾಪಾಡುವ ಭಾರದಲ್ಲಿ ಮೊಮ್ಮಕ್ಕಳು ಹೊತ್ತ ಪಾಲು ಚಿಕ್ಕದಲ್ಲವೆಂದು ತಿಳಿಯುತ್ತದೆ.

ಹಿಂದಿನದನ್ನು ಈಗ ನೋಡಬಹುದು. 1896ನೆಯ ಇಸವಿ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರನ್ನು ಮುಟ್ಟಿತು. ಆ ವೇಳೆಗೆ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದಿದ್ದಿತು. ನಗರ, ದಂಡುಪ್ರದೇಶಗಳೆರಡೂ ಸೇರಿ 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರ ಖಾನೇಷುಮಾರಿಯಲ್ಲಿ 1,59,046ಕ್ಕೆ ಇಳಿದುದನ್ನು ನೋಡಿದರೆ ಹಾವಳಿಯ ಪ್ರಮಾಣವನ್ನು ಊಹಿಸಿಕೊಳ್ಳಬಹುದು; ಸತ್ತವರ ಜೊತೆಗೆ ಊರು ಬಿಟ್ಟವರೂ ಈ ಇಳಿತದಲ್ಲಿ ಸೇರಿದ್ದಾರೆ. ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರ ಪರೀಕ್ಷೆ, ಮನೆಗಳ ಶೋಧನೆ, ರೋಗಿಗಳನ್ನೂ ಅವರ ಸಂಪರ್ಕದವರನ್ನೂ ಬೇರೆಬೇರೆ ಶಿಬಿರಗಳಿಗೆ ಸಾಗಿಸುವುದು, ಹೆಂಚು ತೆಗೆದು ಮನೆಯೊಳಗೆ ಬಿಸಿಲು ಬೀಳಿಸುವುದು ಮುಂತಾದ ಕ್ರಮಗಳು ಜನರಿಗೆ ರೋಗಕ್ಕಿಂತಲೂ ಭೀಕರವಾಗಿ ಕಂಡವು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ದೊಂಬಿಯೇ ನಡೆಯಿತು.

ಈ ಕಾಲದ ನಿರ್ಬಂಧಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ಅವುಗಳ ದಿಕ್ಕು. ಪ್ಲೇಗಿನಲ್ಲಿ ಮನೆಯೇ ಅಪಾಯದ ಸ್ಥಾನ. ಇಲಿ ಬಿದ್ದಿತೆಂದರೆ ಊರು ಬಿಡತಕ್ಕದ್ದು. ತೋಪುಗಳಲ್ಲಿ, ಹೊಲಗಳಲ್ಲಿ, ದಿಣ್ಣೆಗಳ ಮೇಲೆ ಗುಡಿಸಲು ಹಾಕಿಕೊಂಡು ಇಡೀ ಕೇರಿಗೆ ಕೇರಿಯೇ ಹೋಗಿ ನೆಲೆಸತಕ್ಕದ್ದು. ಇದು ಮೈಸೂರು ಸೀಮೆಯಲ್ಲಿ ಮುಂದೆ ಹಲವು ದಶಕಗಳವರೆಗೆ ಬಳಕೆಯಲ್ಲಿದ್ದ ಪದ್ಧತಿ. ಬೀದಿಯ ಹುಡುಗರು ಅಲ್ಲಿಯೂ ಒಬ್ಬರಿಗೊಬ್ಬರು ನೆರೆಯವರಾಗಿಯೇ ಉಳಿದರು. ಇದರಿಂದ ಆ ಕಾಲವು ಹುಡುಗರಿಗೆ ಸುಖದ್ದಾಗಿತ್ತೆಂದು ತಿಳಿಯತಕ್ಕದ್ದಲ್ಲ. ತಾಯಿಯನ್ನೋ ತಂದೆಯನ್ನೋ ಗುಡಿಸಲಿನಲ್ಲಿ ಕಳೆದುಕೊಂಡ ಮಗುವಿಗೆ ತೋಪಿನ ತಂಗಾಳಿಯಿಂದ ಏನು ಪ್ರಯೋಜನ? ಹುಡುಗಿಯರ ಸಂಗತಿಯನ್ನಂತೂ ಬೇರೆಯಾಗಿಯೇ ಹೇಳಬೇಕು. ಆ ಕಾಲದ ಹದಿಮೂರರ ಹುಡುಗಿ ಅನೇಕ ವೇಳೆ ಆಗಲೇ ಒಬ್ಬನ ಹೆಂಡತಿ. ಪ್ಲೇಗು ಅಂತಹವರಲ್ಲಿ ಎಷ್ಟೋ ಮಂದಿಯನ್ನು ವಿಧವೆಯರನ್ನಾಗಿ ಮಾಡಿತು. ಅವಳಿಗೆ ಶಾಲೆಯೇ ಇಲ್ಲದಿದ್ದುದರಿಂದ ಅದು ಮುಚ್ಚಿದ ನಷ್ಟವೂ ಇರಲಿಲ್ಲ. ಹುಡುಗರಲ್ಲಿಯೂ ಶಾಲೆಗೆ ಹೋಗುತ್ತಿದ್ದವರು ಸ್ವಲ್ಪವೇ. 1898ಕ್ಕೂ 2020ಕ್ಕೂ ಇರುವ ನಿಜವಾದ ಭೇದವು ಇದೇ. ಈ ನೂರಿಪ್ಪತ್ತು ವರ್ಷಗಳಲ್ಲಿ ಶಾಲೆಯೆಂಬುದು ಎಲ್ಲರ ಕೈಶೋರದ ಮನೆಯಾಗಿ ಬೆಳೆದಿದ್ದಿತು. ಆದುದರಿಂದಲೇ ಅದರ ಬಾಗಿಲು ಮುಚ್ಚಿದಾಗ ಎಲ್ಲರಿಗೂ ಒಟ್ಟಿಗೆ ತಟ್ಟಿತು.

ಅದೇ ಪ್ಲೇಗಿನ ವರ್ಷದಲ್ಲಿ ಮೈಸೂರಿನ ಅರಸರೂ ಕಿಶೋರರೇ. ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದುದು 1884ರ ಜೂನ್ 4ರಂದು. ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದರು. ಬಾಲರಾಜರ ವಿದ್ಯಾಭ್ಯಾಸವನ್ನು ನೋಡಿಕೊಳ್ಳುತ್ತಿದ್ದ ಸ್ಟುಅರ್ಟ್ ಫ್ರೇಜರನು ಅವರಿಗೆ ಒಬ್ಬರಿಗೇ ಪಾಠ ಹೇಳಿ ಮುಗಿಸಲಿಲ್ಲ. ಕೆಲವರು ಹುಡುಗರನ್ನು ಸಹಪಾಠಿಗಳನ್ನಾಗಿ ಕೂಡಿಸಿ ಒಂದು ಚಿಕ್ಕ ತರಗತಿಯನ್ನೇ ಮಾಡಿದನು. ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರು ಆ ತರಗತಿಯವರು. ಗ್ರಂಥ, ಗುರು, ಅರಮನೆ ಎಲ್ಲವೂ ಇದ್ದವನಿಗೂ ಜೊತೆಯ ಹುಡುಗರಿಲ್ಲದೆ ವಿದ್ಯೆ ಪೂರ್ತಿಯಾಗದೆಂಬುದು ಇಲ್ಲಿಯ ಆಶಯವಾಗಿರಬೇಕು. ವಿದ್ಯಾರ್ಥಿಯು ತನ್ನ ವಿದ್ಯೆಯ ಒಂದು ಪಾದವನ್ನು ಆಚಾರ್ಯನಿಂದಲೂ, ಒಂದನ್ನು ಸ್ವಂತ ಬುದ್ಧಿಯಿಂದಲೂ, ಒಂದನ್ನು ಸಬ್ರಹ್ಮಚಾರಿಗಳಿಂದಲೂ, ಉಳಿದ ಒಂದನ್ನು ಕಾಲಕ್ರಮದಿಂದಲೂ ಪಡೆಯುತ್ತಾನೆಂದು ಪಾಠಶಾಲೆಗಳಲ್ಲಿ ಎಲ್ಲರ ಬಾಯಲ್ಲಿರುವ ಸುಭಾಷಿತವು ಇದನ್ನೇ ಹೇಳುತ್ತದೆ. ಮೂರನೆಯ ಪಾದವು ಗ್ರಂಥಗಳಲ್ಲಿಲ್ಲದ್ದು, ಪರೀಕ್ಷೆಗೂ ಸಿಕ್ಕದ್ದು.

ಇತರ ದೇಶಗಳಲ್ಲಿಯೂ ನಿರ್ಬಂಧವೆಂದೊಡನೆ ಶಾಸಕರ ಗಮನವು ಮಕ್ಕಳ ಕಡೆಗೆ ತಿರುಗಿದುದುಂಟು. 1916ರಲ್ಲಿ ನ್ಯೂಯಾರ್ಕಿನಲ್ಲಿ ಪೋಲಿಯೋ ಹರಡಿದಾಗ ಹದಿನಾರು ವರ್ಷದೊಳಗಿನವರು ಆರೋಗ್ಯಪತ್ರವಿಲ್ಲದೆ ನಗರವನ್ನು ಬಿಡಲಾಗದೆಂದು ವಿಧಿಸಿದರು. 1918ರ ಇನ್‌ಫ್ಲುಯೆಂಜದಲ್ಲಿ ಅಮೆರಿಕದ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದರೂ ನ್ಯೂಯಾರ್ಕ್, ಷಿಕಾಗೋಗಳು ಮುಚ್ಚಲಿಲ್ಲ. ಇಕ್ಕಟ್ಟಾದ ಮನೆಗಳಿಗಿಂತ ಗಾಳಿ ಬೆಳಕುಗಳುಳ್ಳ, ವೈದ್ಯರ ಕಣ್ಣಿರುವ ಶಾಲೆಯೇ ಮಕ್ಕಳಿಗೆ ಕ್ಷೇಮವೆಂಬುದು ನ್ಯೂಯಾರ್ಕಿನ ಆರೋಗ್ಯಾಧಿಕಾರಿಗಳ ವಾದ. ಅದೇ ಷಿಕಾಗೋ ನಗರವು 1937ರ ಸೆಪ್ಟೆಂಬರಿನಲ್ಲಿ ಪೋಲಿಯೋ ಭಯದಿಂದ ಶಾಲೆಗಳನ್ನು ತೆರೆಯದೆ ರೇಡಿಯೋದಲ್ಲಿ ಪಾಠಗಳನ್ನು ಬಿತ್ತರಿಸಿತು. ದೂರಪಾಠವೆಂಬುದು 2020ರ ಆವಿಷ್ಕಾರವಲ್ಲ. ಆದರೆ ಷಿಕಾಗೋದಲ್ಲಿ ಅದು ನಡೆದುದು ಕೆಲವೇ ವಾರಗಳು.

ಕರ್ಣಾಟಕದಲ್ಲಿ 2020ರ ಮಾರ್ಚಿಯಲ್ಲಿ ಮತ್ತೆ ಆ 1897ರ ಕಾಯಿದೆಯನ್ನೇ ಆಧಾರವಾಗಿ ಇಟ್ಟುಕೊಂಡು ನಿಯಮಗಳು ಹೊರಟವು. 24ರ ನಡುರಾತ್ರಿಯಿಂದ ದೇಶವೆಲ್ಲವೂ ಲಾಕ್‌ಡೌನಿಗೆ ಒಳಗಾಯಿತು. ಪ್ಲೇಗಿಗೆ ವಿಪರೀತವಾಗಿ ಇಲ್ಲಿ ಹೊರಗೇ ಅಪಾಯ, ಮನೆಯೇ ಅಭಯ. ಈ ಅಭಯವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆಯಿರುವ ಮನೆಯೂ, ಆರು ಜನಕ್ಕೆ ಒಂದೇ ಕೋಣೆಯಿರುವ ಮನೆಯೂ ಶಾಸನದ ಕಣ್ಣಿಗೆ ಮನೆಯೇ. ಬೆಂಗಳೂರಿನಲ್ಲಿ ಕೂಲಿ ಮಾಡುತ್ತಿದ್ದ ಉತ್ತರ ಕರ್ಣಾಟಕದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹಿಂದಿರುಗಿದಾಗ ಅವರೊಡನೆ ನಡೆದ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಶಾಲೆಯೂ ದೂರವಾಯಿತು, ಊರಿನ ಶಾಲೆಯೂ ಮುಚ್ಚಿದ್ದಿತು.

ಮಾರ್ಚಿ 27ಕ್ಕೆ ಆರಂಭವಾಗಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಿಂದ ನಡೆಯಿತು. ನೆರೆಯ ತಮಿಳುನಾಡು, ತೆಲಂಗಾಣಗಳು ತಮ್ಮ ಹತ್ತನೆಯ ತರಗತಿಯ ಪರೀಕ್ಷೆಯನ್ನು ಬಿಟ್ಟುಕೊಟ್ಟಿದ್ದ ಕಾಲದಲ್ಲಿ ಸುಮಾರು 8 ಲಕ್ಷ 48 ಸಾವಿರ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಕೂರಿಸುವುದು ಸಾಹಸವೆಂದು ಕೆಲವರೂ ಅವಿವೇಕವೆಂದು ಕೆಲವರೂ ಆಡಿಕೊಂಡರು. ಮೂರು ತಿಂಗಳ ಕಾಲ ಓದಿದ್ದನ್ನೇ ಓದುತ್ತ, ದಿನಾಂಕವನ್ನು ಕಾಯುತ್ತ ಇದ್ದ ಆ ಹುಡುಗರ ಸಂಕಟವು ಸಾಮಾನ್ಯವಾದುದಲ್ಲ. ಆದರೂ ಒಂದು ಮಾತನ್ನು ಹೇಳಬೇಕು. ಪರೀಕ್ಷೆಯನ್ನು ಎಲ್ಲ ಕಾಲದಲ್ಲಿಯೂ ವಿದ್ಯಾರ್ಥಿಗಳ ಶತ್ರುವೆಂದು ನಿಂದಿಸುವುದು ರೂಢಿ. ಆ ಜೂನಿನಲ್ಲಿಯಾದರೋ, ಮುಖಗವುಸಿನ ಮರೆಯಲ್ಲಿಯೇ ಆಗಲಿ, ಜೊತೆಯವರ ಕಣ್ಣುಗಳನ್ನು ಕಾಣಲು ಅವರಿಗೆ ದೊರೆತ ಒಂದೇ ಬಾಗಿಲು ಅದಾಗಿದ್ದಿತು.

ಅನಂತರ ಬಂದದ್ದು ದೂರಪಾಠ. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಖಾಸಗಿ ಶಾಲೆಗಳು ಆನ್‌ಲೈನ್ ತರಗತಿಗಳನ್ನು ಹಿಡಿದವು. ‘ಅಸರ್’ ಸಮೀಕ್ಷೆಯಂತೆ ಭಾರತದ ಗ್ರಾಮಾಂತರ ಪ್ರದೇಶದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನುಳ್ಳವರು 2018ರಲ್ಲಿ ನೂರಕ್ಕೆ 36.5 ಇದ್ದವರು 2020ರಲ್ಲಿ 61.8 ಆದರು. ಎರಡು ವರ್ಷದಲ್ಲಿ ಇಷ್ಟು ಏರಿಕೆಗೆ ಎಷ್ಟು ಮನೆಗಳಲ್ಲಿ ಕುರಿಯೋ ಓಲೆಯೋ ಮಾರಾಟವಾಗಿರಬೇಕೆಂಬುದನ್ನು ಯಾವ ಸಮೀಕ್ಷೆಯೂ ಹೇಳುವುದಿಲ್ಲ. ಮನೆಯಲ್ಲಿ ಫೋನಿದ್ದ ಮಾತ್ರಕ್ಕೆ ಅದು ಹುಡುಗಿಯ ಕೈಗೆ ಬಂದಿತೆಂದೂ ಅರ್ಥವಲ್ಲ. ತಂದೆಯೊಡನೆ ಅದು ಕೆಲಸಕ್ಕೆ ಹೋಗುತ್ತದೆ, ಸಂಜೆ ಬಂದಾಗ ಅಣ್ಣನ ಸರದಿ. ಪಶ್ಚಿಮಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಸಂಕೇತ ಸಿಕ್ಕುವ ಗುಡ್ಡವನ್ನೋ ರಸ್ತೆಯಂಚನ್ನೋ ಹುಡುಕಿಕೊಂಡು ಹೋಗಿ, ಮಳೆಯಲ್ಲಿ ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದವರಿದ್ದರು. 2021ರ ಆಗಸ್ಟಿನಲ್ಲಿ ಕರ್ಣಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಒಂದರಿಂದ ಎಂಟರವರೆಗಿನ ತರಗತಿಗಳ ಬಡಮಕ್ಕಳನ್ನು ಕುರಿತು ನಡೆದ ‘ಸ್ಕೂಲ್’ ಸಮೀಕ್ಷೆಯಲ್ಲಿ, ಗ್ರಾಮಾಂತರದವರಲ್ಲಿ ಕ್ರಮವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ನೂರಕ್ಕೆ 8 ಮಂದಿ. ಏನೂ ಓದದೆ ಇದ್ದವರು 37 ಮಂದಿ. ಆ ಎಂಟು ಮಂದಿಗೂ ದೊರೆತದ್ದು ಸುಭಾಷಿತದ ಮೊದಲನೆಯ ಪಾದವೊಂದೇ.

ಈ ಅವಧಿಯ ಯೋಜನೆಗಳಲ್ಲಿ ವಿದ್ಯಾಗಮವು ಉಳಿದವುಗಳಿಗಿಂತ ಬೇರೆಯಾದುದು. 2020ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಯಂತೆ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಹಳ್ಳಿಗಳಿಗೆ ಹೋಗಿ ಅರಳಿಕಟ್ಟೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಸಮುದಾಯಭವನದಲ್ಲಿ, ಮರದ ನೆರಳಿನಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಹೆಸರು ಹೊಸದಾದರೂ ರೂಪವು ಹಳೆಯದೇ; ಪ್ಲೇಗಿನ ಕಾಲದ ತೋಪಿನ ಬಾಳಿಗೂ ಅದಕ್ಕೂ ಇರುವ ಸಾದೃಶ್ಯವನ್ನು ಯಾರಾದರೂ ಕಾಣಬಹುದು. ಬಯಲು, ಗಾಳಿ, ಜೊತೆಯ ಮಕ್ಕಳು, ಎದುರಿಗೆ ಜೀವಂತನಾದ ಗುರು. ಮೂರನೆಯ ಪಾದಕ್ಕೆ ಎಡೆಯಿದ್ದ ಒಂದೇ ಏರ್ಪಾಡು ಅದು. ಶಿಕ್ಷಕರಲ್ಲಿಯೂ ಮಕ್ಕಳಲ್ಲಿಯೂ ಸೋಂಕು ಕಂಡಿತೆಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಶಿಕ್ಷಕರ ಪ್ರಾಣದ ಪ್ರಶ್ನೆಯಿದ್ದುದರಿಂದ ಈ ನಿರ್ಣಯವನ್ನು ಆಕ್ಷೇಪಿಸುವುದು ಕಷ್ಟ. ಆದರೆ ಬಾಗಿಲುಗಳು ತೆರೆದ ಅನುಕ್ರಮವನ್ನು ಆಕ್ಷೇಪಿಸದೆ ಇರುವುದೂ ಕಷ್ಟವೇ. ರಾಜ್ಯದ ಮದ್ಯದ ಅಂಗಡಿಗಳು 2020ರ ಮೇ 4ರಂದು ತೆರೆದವು. ಚಿತ್ರಮಂದಿರಗಳಿಗೆ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿ.ಯು.ಸಿ. ತರಗತಿಗಳು ತೆರೆದುದು 2021ರ ಜನವರಿ 1ರಂದು, ಒಂಬತ್ತನೆಯ ತರಗತಿ ಫೆಬ್ರವರಿ 1ರಂದು. ರಾಜ್ಯದ ಬೊಕ್ಕಸಕ್ಕೆ ಏನನ್ನೂ ತರದ ವಯಸ್ಸಿನವರು ಸರದಿಯ ಕೊನೆಯಲ್ಲಿ ನಿಂತರು.

ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯ ಗತಿಯನ್ನು ಸ್ಥಾಲೀಪುಲಾಕನ್ಯಾಯದಿಂದ ನೋಡಬಹುದು. 2020ರಲ್ಲಿ ಅವನು ಪರೀಕ್ಷೆಯಿಲ್ಲದೆ ಒಂಬತ್ತಕ್ಕೆ ಏರಿದನು. ಒಂಬತ್ತನೆಯ ತರಗತಿಯ ಕೊಠಡಿಯಲ್ಲಿ ಅವನು ಕುಳಿತುದು 2021ರ ಫೆಬ್ರವರಿಯಿಂದ ಏಪ್ರಿಲಿನ ಆರಂಭದವರೆಗೆ, ಎರಡು ತಿಂಗಳ ಮಟ್ಟಿಗೆ. ಆಗ ಎರಡನೆಯ ಅಲೆ ಎದ್ದಿತು. ಏಪ್ರಿಲ್ 27ರಿಂದ ರಾಜ್ಯವು ಮತ್ತೆ ಮುಚ್ಚಿತು. ಅವನು ಹತ್ತನೆಯ ತರಗತಿಯವನಾಗಿ ಶಾಲೆಯನ್ನು ಹೊಕ್ಕುದು ಆಗಸ್ಟ್ 23ರಂದು. ಎಂಟರಲ್ಲಿ ಎಳೆಯ ದನಿಯಲ್ಲಿ ಪದ್ಯ ಓದುತ್ತಿದ್ದವನು ಹತ್ತರಲ್ಲಿ ಒಡೆದ ದನಿಯಲ್ಲಿ, ಚಿಗುರುಮೀಸೆಯೊಡನೆ ಬಂದು ಕುಳಿತನು. ಈ ಮಾರ್ಪಾಟು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಜನ ಸಮವಯಸ್ಕರ ನಡುವೆ, ಅವರ ಹಾಸ್ಯಕ್ಕೂ ಸಹಾನುಭೂತಿಗೂ ಗುರಿಯಾಗಿ, ತನ್ನೊಬ್ಬನಿಗೇ ಆಗುತ್ತಿರುವುದಲ್ಲವೆಂಬ ಧೈರ್ಯದಲ್ಲಿ ನಡೆಯತಕ್ಕದ್ದು. ಇವನಿಗೆ ಅದು ಮನೆಯವರ ನಡುವೆ, ಕನ್ನಡಿಯ ಎದುರಿಗೆ ನಡೆಯಿತು.

ಹುಡುಗಿಯರಿಗೆ ಶಾಲೆಯು ಸಹವಾಸದ ಸ್ಥಾನ ಮಾತ್ರವಲ್ಲ, ರಕ್ಷೆಯೂ ಆಗಿದ್ದಿತು. ಒಬ್ಬ ಹುಡುಗಿ ನಾಲ್ಕು ದಿನ ತರಗತಿಗೆ ಬಾರದಿದ್ದರೆ ವಿಚಾರಿಸುವ ಒಬ್ಬ ಶಿಕ್ಷಕಿ, ಹೇಳಿಬಿಡುವ ಒಬ್ಬ ಗೆಳತಿ ಅಲ್ಲಿರುತ್ತಾರೆ. ಶಾಲೆ ಮುಚ್ಚಿದಾಗ ಈ ಕಣ್ಣುಗಳೂ ಮುಚ್ಚಿದವು. ಇತ್ತ ತಂದೆಯ ಸಂಪಾದನೆ ನಿಂತಿದೆ. ಮದುವೆಗೆ ಐವತ್ತು ಜನಕ್ಕಿಂತ ಹೆಚ್ಚು ಕೂಡದೆಂಬ ನಿಯಮದಿಂದ ಖರ್ಚು ತಗ್ಗಿದೆ. ದೊಡ್ಡ ಚಪ್ಪರ ಹಾಕಬೇಕಾದುದಿಲ್ಲ. ರೋಗವನ್ನು ತಡೆಯಲೆಂದು ಹೊರಟ ನಿಯಮವೇ ಬಾಲ್ಯವಿವಾಹಕ್ಕೆ ಅನುಕೂಲವಾದ ಬಗೆ ಇದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ಬಾಲ್ಯವಿವಾಹ ನಿಷೇಧ ಕಾಯಿದೆಯಡಿ ದೇಶದಲ್ಲಿ ದಾಖಲಾದ ಮೊಕದ್ದಮೆಗಳು 2019ರಲ್ಲಿ 523, 2020ರಲ್ಲಿ 785. ಎರಡನೆಯ ವರ್ಷದಲ್ಲಿ 184 ಮೊಕದ್ದಮೆಗಳೊಡನೆ ಕರ್ಣಾಟಕವೇ ಎಲ್ಲಕ್ಕಿಂತ ಮುಂದೆ. ಈ ಏರಿಕೆಯಲ್ಲಿ ಅಧಿಕಾರಿಗಳ ಎಚ್ಚರದ ಪಾಲೂ ಇರಬಹುದು. ದಾಖಲೆಯನ್ನು ಮುಟ್ಟದೆ ನಡೆದುಹೋದ ಮದುವೆಗಳ ಪಾಲು ಅದಕ್ಕಿಂತ ದೊಡ್ಡದೆನ್ನುವುದಕ್ಕೆ ಹೆಚ್ಚಿನ ತರ್ಕ ಬೇಕಾದುದಿಲ್ಲ. ಹುಡುಗರು ಇದೇ ಕಾಲದಲ್ಲಿ ಹೊಲಕ್ಕೆ, ಗ್ಯಾರೇಜಿಗೆ, ಕಟ್ಟಡದ ಕೆಲಸಕ್ಕೆ ಹೋದರು. ಕೈಗೆ ಕೂಲಿ ಬಂದ ಮೇಲೆ ಅವರಲ್ಲಿ ಕೆಲವರು ಶಾಲೆಗೆ ಹಿಂದಿರುಗಲಿಲ್ಲ. ಬಿಸಿಯೂಟಕ್ಕೆ ಬದಲಾಗಿ ಅಕ್ಕಿ ಬೇಳೆಗಳನ್ನು ಮನೆಗೆ ಕೊಟ್ಟುದು ಒಳ್ಳೆಯದೇ. ಆದರೆ ಪಂಕ್ತಿಯಲ್ಲಿ ಕುಳಿತು ಉಣ್ಣುವ ಊಟಕ್ಕೂ ಎಲ್ಲರ ಪಾಲಿಗೆ ಬೆರೆತುಹೋಗುವ ಧಾನ್ಯಕ್ಕೂ ವ್ಯತ್ಯಾಸವುಂಟು.

ಮನಸ್ಸಿನ ಸ್ಥಿತಿಯನ್ನು ಕುರಿತು ಹೇಳುವುದಕ್ಕೆ ಭಾಷೆಯ ಒಂದು ತೊಡಕು ಅಡ್ಡ ಬರುತ್ತದೆ. ಆ ತಿಂಗಳುಗಳಲ್ಲಿ ಮಕ್ಕಳ ಬಾಯಲ್ಲಿ ಪದೇಪದೇ ಬಂದ ಮಾತು ‘ಬೇಸರ’. ಈ ಒಂದು ಪದವು ಕನ್ನಡದಲ್ಲಿ ಹೊತ್ತು ಹೋಗದಿರುವುದನ್ನೂ, ಆಯಾಸವನ್ನೂ, ಜುಗುಪ್ಸೆಯನ್ನೂ, ಒಳಗೊಳಗೇ ಕೊರೆಯುವ ದುಃಖವನ್ನೂ ಸಮನಾಗಿ ಹೇಳುತ್ತದೆ. ‘ಖಿನ್ನತೆ’ಯೆಂಬ ಶಾಸ್ತ್ರದ ಮಾತು ವೈದ್ಯರ ಬಳಿಯಲ್ಲಿದೆ, ಅಡಿಗೆಮನೆಗೆ ಬಂದಿಲ್ಲ. ಆದುದರಿಂದ ಮಗಳು ಬೇಸರವೆಂದಾಗ ತಾಯಿಯು ಮೊದಲನೆಯ ಅರ್ಥವನ್ನು ತೆಗೆದುಕೊಂಡು ಏನಾದರೂ ಕೆಲಸ ಮಾಡೆಂದು ಹೇಳಿದಳು. ಮಗಳು ಹೇಳಿದ್ದು ನಾಲ್ಕನೆಯ ಅರ್ಥದಲ್ಲಿ. ಹಗಲು ರಾತ್ರಿಗಳ ಕ್ರಮ ತಪ್ಪಿತು. ನಡುರಾತ್ರಿಯವರೆಗೆ ಫೋನು, ಹಗಲೇರುವವರೆಗೆ ನಿದ್ದೆ. ಹಿರಿಯರು ಇದನ್ನು ದುರಭ್ಯಾಸವೆಂದು ಗದರಿದರು. ಜೊತೆಯವರೆಲ್ಲರೂ ಆ ಪೆಟ್ಟಿಗೆಯೊಳಗೆ ಮಾತ್ರವೇ ಸಿಕ್ಕುವಂತೆ ಮಾಡಿ, ಆ ಮೇಲೆ ಅದರ ಮೇಲಿನ ಆಸೆಯನ್ನು ದೂಷಿಸುವುದು ನ್ಯಾಯವಲ್ಲ. ಯೂನಿಸೆಫ್ ಸಂಸ್ಥೆಯು 2021ರಲ್ಲಿ 21 ದೇಶಗಳ ಸಮೀಕ್ಷೆಯನ್ನು ಪ್ರಕಟಿಸಿತು. ಮನಸ್ಸಿನ ತೊಂದರೆಗಳಿಗೆ ಇತರರ ನೆರವು ಪಡೆಯುವುದು ಒಳ್ಳೆಯದೆಂದು ಹೇಳಿದವರು ಆ ದೇಶಗಳ ತರುಣರಲ್ಲಿ ಸರಾಸರಿ ನೂರಕ್ಕೆ 83 ಮಂದಿ. ಭಾರತದ 15ರಿಂದ 24 ವರ್ಷದವರಲ್ಲಿ 41 ಮಂದಿ. ಇತರರೊಡನೆ ಹೇಳಿಕೊಳ್ಳುವ ರೂಢಿಯೇ ಇಲ್ಲದ ಸಮಾಜದಲ್ಲಿ ಕಿಶೋರರು ಮನಸ್ಸನ್ನು ಬಿಚ್ಚುತ್ತಿದ್ದುದು ಗೆಳೆಯರೊಡನೆ ಮಾತ್ರ, ಅದೂ ಶಾಲೆಯಿಂದ ಹಿಂದಿರುಗುವ ದಾರಿಯಲ್ಲಿ. ದಾರಿಯು ಯಾವ ಯೋಜನೆಯ ಲೆಕ್ಕದಲ್ಲಿಯೂ ಇರಲಿಲ್ಲ.

ಇಷ್ಟನ್ನು ಹೇಳಿದುದರಿಂದ ನಿರ್ಬಂಧವೇ ಬೇಡವಾಗಿತ್ತೆಂದು ಸಿದ್ಧವಾಗುವುದಿಲ್ಲ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲದೆ, ಆಮ್ಲಜನಕವಿಲ್ಲದೆ ಜನರು ಸಾಯುತ್ತಿದ್ದಾಗ ಶಾಲೆಯನ್ನು ತೆರೆದಿಡಬೇಕಾಗಿತ್ತೆಂದು ಯಾರೂ ವಾದಿಸಲಾರರು. ಹೆತ್ತವರನ್ನು ಕಳೆದುಕೊಂಡ ಮಕ್ಕಳ ದುಃಖದ ಎದುರಿಗೆ ಸಹವಾಸದ ನಷ್ಟವು ಹಗುರವೆಂದೂ ಒಪ್ಪತಕ್ಕದ್ದೇ. ವಿವಾದವಿರುವುದು ಅಳತೆಯಲ್ಲಿ. ನಿಮಿತ್ತವು ಉಗ್ರವಾಗಿದ್ದಾಗ ನಿಲ್ಲಿಸಿ ಅದು ಇಳಿದೊಡನೆ ತೆರೆಯುವ ಆಕಾಲಿಕನ್ಯಾಯವನ್ನು 2020ರ ಕೊನೆಯ ತಿಂಗಳುಗಳಲ್ಲಿ ಅನುಸರಿಸಬಹುದಾಗಿತ್ತು. ಊರೂರಿಗೂ ರೋಗದ ಸ್ಥಿತಿ ಬೇರೆಯಿದ್ದಾಗ ಊರೂರಿಗೂ ನಿಯಮವೂ ಬೇರೆಯಾಗಬಹುದಾಗಿತ್ತು. ಹಾಗಾಗಲಿಲ್ಲ.

2021ರ ಜುಲೈ 19 ಮತ್ತು 22ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯು ಎರಡೇ ದಿನಗಳಲ್ಲಿ, ದಿನಕ್ಕೆ ಮೂರು ವಿಷಯಗಳಂತೆ, ಬಹು ಆಯ್ಕೆಯ ಪ್ರಶ್ನೆಗಳಿಂದ ಮುಗಿಯಿತು, ದ್ವಿತೀಯ ಪಿ.ಯು.ಸಿ.ಯವರಿಗೆ ಪರೀಕ್ಷೆಯೇ ನಡೆಯದೆ ಹಿಂದಿನ ಅಂಕಗಳಿಂದ ಫಲಿತಾಂಶ ಬಂದಿತು. ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡರವರೆಗೂ, ಸೆಪ್ಟೆಂಬರ್ 6ರಂದು ಆರರಿಂದ ಎಂಟರವರೆಗೂ ತರಗತಿಗಳು ತೆರೆದವು. ಹದಿನೈದರಿಂದ ಹದಿನೆಂಟು ವರ್ಷದವರಿಗೆ ಲಸಿಕೆ ಹಾಕಲು ಆರಂಭಿಸಿದುದು 2022ರ ಜನವರಿ 3ರಂದು.

ಈ ಕಾಲದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಆಕರಗಳ ಪ್ರಶ್ನೆಯೊಂದು ಏಳುತ್ತದೆ. 1898ರ ಪ್ಲೇಗಿನ ವಿಷಯದಲ್ಲಿ ಸರ್ಕಾರದ ವರದಿಗಳಿವೆ, ಖಾನೇಷುಮಾರಿಯಿದೆ. ಅಂದಿನ ಹುಡುಗರ ಮಾತು ಉಳಿದಿದ್ದರೆ ಅವರು ಮುದುಕರಾದ ಮೇಲೆ ನೆನೆದು ಬರೆದುದರಲ್ಲಿ ಮಾತ್ರ. 2020ರ ಕಿಶೋರರು ಆಗಿಂದಾಗಲೇ ಬೇಕಾದಷ್ಟು ಬರೆದಿದ್ದಾರೆ, ಮಾತನಾಡಿದ್ದಾರೆ. ಆದರೆ ಅದೆಲ್ಲವೂ ಫೋನುಗಳ ಒಳಗಿದ್ದು ಫೋನಿನೊಡನೆ ಅಳಿಯುತ್ತಿದೆ. ವಿದ್ಯಾಗಮದ ಶಿಕ್ಷಕರು ಹಳ್ಳಿಹಳ್ಳಿಗೆ ಹೋದಾಗ ಬರೆದಿಟ್ಟುಕೊಂಡ ಟಿಪ್ಪಣಿಗಳು, ಆ ಎರಡು ವರ್ಷಗಳ ಹಾಜರಿ ಪುಸ್ತಕಗಳು, ಶಾಲೆ ತೆರೆದ ಮೇಲೆ ಕನ್ನಡ ತರಗತಿಗಳಲ್ಲಿ ಬರೆಸಿದ ಪ್ರಬಂಧಗಳು ಇವು ಶಾಲೆಗಳ ಬೀರುಗಳಲ್ಲಿ ಎಲ್ಲಿ ಉಳಿದಿವೆಯೋ ಅಲ್ಲಿ, ಹಳೆಯ ಕಾಗದವೆಂದು ತೂಕಕ್ಕೆ ಹಾಕುವುದಕ್ಕೆ ಮೊದಲು, ಸಂಗ್ರಹಿಸಿ ಇಡಬೇಕಾಗಿದೆ.